ಇನ್ನಾಸಪ್ಪನ ಕಳ್ಳ ನಾಲಿಗೆ

ಇನ್ನಾಸಪ್ಪ ಅರಮನೆ ಬ್ಯಾಂಡಿನಲ್ಲಿ ಕ್ಲಾರಿಯೊನೆಟ್ ಊದ್ತಿದ್ದ. ಸ್ವರಕ್ಕೊಂದು ಸಲ ‘ತು’ ಅಂತ ನಾಲಿಗೆ ತುದಿ ಬಡೀಬೇಕು. ವೇಗದ ಮಟ್ಟಿನಲ್ಲಿ ತುದಿ ಸೋತು, ಅವನು ನಡುನಡುವೆ ನಾಲಿಗೆ ಬುಡದಿಂದ ‘ಕು’ ಸೇರಿಸಿ ‘ತುಕು ತುಕು’ ಅಂತ ಊದಿಬಿಟ್ಟಿದ್ದ. ಬ್ಯಾಂಡಿಗೆ ಬಂದಿದ್ದ ಹೊಸ ಸಾಹೇಬರು ಹಿಡಿದೇಬಿಟ್ಟರು.

“ಕಳ್ಳ ನಾಲಿಗೆ! ಇನ್ನೊಂದು ‘ಕು’ ಕೇಳಿಸಿದರೆ ಕೆಲಸದಿಂದ ಕಿತ್ತುಹಾಕ್ತೀನಿ!”

ಅವನಿಗೆ ಬೇರೆ ಕಸುಬು ಬರುತ್ತಿರಲಿಲ್ಲ. ಕ್ಲಾರಿಯೊನೆಟ್ ಕಂಕುಳಿಗೆ ಸಿಕ್ಕಿಸಿ ಕೈ ಮುಗಿದ.

“ಆಗ್ಲಿ ಬುದ್ಧಿ. ತಾವೊಂದ್ಸಲ ಅದೇ ವೇಗದಲ್ಲಿ ಬಾಯಲ್ಲಿ ಹೇಳಿಬಿಡಿ. ಹಂಗೇ ಊದ್ತೀನಿ.”

ಸಾಹೇಬರು ಎದೆ ಉಬ್ಬಿಸಿದರು. ಡ್ರಮ್ಮಿನವನು ಅದೇ ವೇಗದ ತಾಳ ಹಿಡಿದ.

“ತು ತು ತು ತು...” ಮುಖ ಕೆಂಪಾಯ್ತು, ಎಂಜಲು ಹಾರಿತು. “ತು ತು ತುಕು ತುಕು ತುಕು...”

ಬ್ಯಾಂಡಿನವರೆಲ್ಲ ತಮ್ಮ ತಮ್ಮ ಬೂಟು ನೋಡಿಕೊಂಡರು. ಇನ್ನಾಸಪ್ಪ ಕ್ಲಾರಿಯೊನೆಟ್ ಬಾಯಿ ಹತ್ತಿರ ಹಿಡಿದ.

“ಬುದ್ಧೀ... ಆ ‘ಕು’ನೂ ಊದಲಾ?”

ಸಾಹೇಬರು ಬಾಯಿ ಒರೆಸಿಕೊಂಡು ಗದರಿದರು.

“ಊದದೆ ಏನು? ನಿಂದು ಕಳ್ಳ ತುಕು. ಇದು ಅರಮನೆ ತುಕು!”