ಕೊನೆಯ ಅಧ್ಯಾಯದ ಮದುವೆ

ಪ್ರಕಾಶಕ ಬೊನಿಫಾಸ್ ಸಾಹೇಬರು ತಾವಾಗಿಯೇ ಕಾಫಿ ತರಿಸಿದಾಗಲೇ ಲೇಖಕಿ ಸೆವ್ರಿನ್ ಬಾಯಿಯವರಿಗೆ ಅನುಮಾನ ಬಂತು. ಅವರು ಬರೆದದ್ದು ಕ್ರೈಸ್ತ ಕುಟುಂಬವೊಂದರ ಕಾದಂಬರಿ.

"ಸಾಲು ಸಾಲನ್ನೂ ತಿದ್ದಿದ್ದೇನೆ ಬಾಯಿ. ಲೇಖಕರ ಜಾಗದಲ್ಲಿ ನನ್ನ ಹೆಸರೂ ಇರಬೇಕು. ಇಲ್ಲದಿದ್ದರೆ ಅಚ್ಚಾಗುವುದಿಲ್ಲ."

ಮೇಜಿನ ಮೇಲಿದ್ದ ಹಸ್ತಪ್ರತಿಗೆ ಸೆವ್ರಿನ್ ಬಾಯಿಯವರೇ ಬಿಗಿದಿದ್ದ ದಾರದ ಗಂಟು ಇನ್ನೂ ಹಾಗೇ ಇತ್ತು.

"ಕೊನೆಯ ಅಧ್ಯಾಯದ ಮದುವೆಯನ್ನೂ ತಿದ್ದಿದಿರಾ ಸರ್?"

"ಅದನ್ನು ಪೂರ್ತಿ ನಾನೇ ಬರೆದೆ! ನಿಮ್ಮದೊಂದು ಅಕ್ಷರವೂ ಉಳಿದಿಲ್ಲ."

"ಸದ್ಯ, ನಾನು ಬದುಕಿದೆ," ಎಂದರು ಬಾಯಿ. "ಆ ಮದುವೆಗೆ ಗುಡ್ ಫ್ರೈಡೇ ದಿನ, ಊರೆಲ್ಲ ಉಪವಾಸ ಇರುವಾಗ, ಇಗರ್ಜಿಯ ಅಂಗಳದಲ್ಲಿ ಬ್ಯಾಂಡು ಬಾರಿಸಿ ಹಂದಿಮಾಂಸದ ಊಟ ಹಾಕಿಸಿದ್ದೆ. ಬಿಷಪರು ಸಿಟ್ಟಾದರೆ ಅಂತ ಹೆದರಿಕೆಯಿತ್ತು. ಇನ್ನು ನಿಮ್ಮನ್ನೇ ತೋರಿಸಿದರಾಯಿತು."

ಸಾಹೇಬರ ಕಾಫಿ ನೆತ್ತಿಗೇರಿತು. ಕೆಮ್ಮುತ್ತಲೇ ಅವರು ಮೊದಲ ಸಲ ಆ ಗಂಟಿಗೆ ಕೈ ಹಾಕಿದರು.