ಒಂದು ಹೂಂಗೆ ಒಂದು ಕೊಂಡಿ

ಲೋಕದ ಮೊಟ್ಟಮೊದಲ ಸೀರೆ ನೇಯ್ದವನು ನಾನೇ. ಅದಕ್ಕಿಂತ ಮುಂಚೆ ಜನ ಎಲೆ ಸುತ್ತಿಕೊಂಡು ತಿರುಗುತ್ತಿದ್ದರು. ಸುಳ್ಳು, ಬಿಡಿ. ನನಗೆ ಪಾಯಿಜಾಮದ ಲಾಡಿ ಗಂಟು ಬಿದ್ದರೆ ಬಿಚ್ಚಲಿಕ್ಕೂ ಹೆಂಡತಿಯೇ ಬರಬೇಕು. ಆದರೆ ಚೌಡವ್ವ ಮತ್ತು ಅವಳ ಮಗ ಮುರಿಗೆಪ್ಪನ ಸಂಗತಿ ಮುಕ್ಕಾಲು ಪಾಲು ನಿಜ. ಉಳಿದ ಕಾಲು ಪಾಲು ಅದಕ್ಕಿಂತ ಚೆನ್ನಾಗಿದೆ.

ಹಟಗಾರ ಓಣಿಯ ಕೊನೆಯ ಮನೆ ಚೌಡವ್ವನದು. ಅರ್ಧ ಮನೆ, ಅರ್ಧ ಮಗ್ಗ. ನೆಲದಲ್ಲಿ ತೋಡಿದ ಕುಣಿಯೊಳಗೆ ಕಾಲು ಇಳಿಬಿಟ್ಟು ಕೂತು ಇಳಕಲ್ ಸೀರೆ ನೇಯುವವಳು. ಇಪ್ಪತ್ತೆರಡು ವರ್ಷದ ಒಬ್ಬನೇ ಮಗ ಮುರಿಗೆಪ್ಪ. ಎತ್ತಿನಂಥ ಮೈ, ಬೆಣ್ಣೆಯಂಥ ಮನಸ್ಸು, ತಲೆಗೆ ಮಾತ್ರ ಯಾರೋ ಬೀಗ ಜಡಿದು ಕೀಲಿ ಎಲ್ಲೋ ಇಟ್ಟು ಮರೆತಿದ್ದರು. ಹೇಳಿದ್ದನ್ನು ಮಾಡುತ್ತಿದ್ದ. ಹೇಳಿದ್ದಷ್ಟನ್ನೇ ಮಾಡುತ್ತಿದ್ದ. ತೊಂದರೆ ಇದ್ದದ್ದೇ ಅಲ್ಲಿ.

ಈ ಮುರಿಗೆಪ್ಪ ಹುಟ್ಟಿದಾಗ ಅಳಲಿಲ್ಲ, ಮಿಸುಕಲಿಲ್ಲ. ಎಲ್ಲರೂ ಕೈಬಿಟ್ಟರೂ ಸೂಲಗಿತ್ತಿ ಯಮನವ್ವ ಬಿಡಲಿಲ್ಲ. ಬೆನ್ನು ತಿಕ್ಕಿ, ಬಾಯಿಗೆ ಉಸಿರು ಊದಿ, ಕಡೆಗೂ ಅಳಿಸಿ ತಾಯಿಯ ಮಡಿಲಿಗೆ ಹಾಕಿದ್ದಳು. “ನಿನಗೊಂದು ಮಗಳು ಹುಟ್ಟಲಿ, ಆಕಿ ಮದುವಿ ಸೀರಿ ನನ್ನ ಮಗ್ಗದಿಂದ ಬರ್ತದ” ಎಂದು ಚೌಡವ್ವ ಅಂದೇ ಮಾತು ಕೊಟ್ಟಿದ್ದಳು. ಈಗ ಆ ಮಗಳು ಕಸ್ತೂರಿಯ ಮದುವೆ ಗೊತ್ತಾಗಿತ್ತು. ಇಪ್ಪತ್ತು ದಿನ ಉಳಿದಿತ್ತು. ಚೌಡವ್ವನಿಗೆ ಮೊಣಕಾಲು ಹಿಡಿದುಕೊಂಡಿತ್ತು, ಕಣ್ಣು ಮಂಜಾಗಿತ್ತು. ಕೈಗೆ ಸಿಗುವವನು ಮುರಿಗೆಪ್ಪ ಒಬ್ಬನೇ.

“ಯಮನವ್ವ ಅಷ್ಟು ಒದ್ದಾಡಿ ಉಳಿಸಿದ್ದು ಇವನ್ನೇನs?” ಎಂದು ಓಣಿಯ ಹೆಂಗಸರು ಬಾಯಿಗೆ ಸೆರಗು ಹಿಡಿದು ನಗುತ್ತಿದ್ದರು.

“ಇವನ್ನs,” ಅನ್ನುತ್ತಿದ್ದಳು ಚೌಡವ್ವ. “ಅದಕ್ಕs ಸೀರಿ ನೇಯಾಕತ್ತೀನಿ.”

ಮೊದಲ ಕೆಲಸ ನೂಲಿಗೆ ಗಂಜಿ. ಚೌಡವ್ವ ಗಂಜಿ ಕಾಯಿಸಿ ಇಟ್ಟಳು. “ಯಪ್ಪಾ, ನಾನು ನೀರು ತರತೀನಿ. ನೀ ಅಷ್ಟರಾಗ ನೂಲಿಗೆ ಗಂಜಿ ಕುಡಿಸು.”

ನೀರು ತಂದು ನೋಡುತ್ತಾಳೆ, ನೂಲಿನ ಲಡಿಯನ್ನು ತೊಡೆಯ ಮೇಲೆ ಮಲಗಿಸಿಕೊಂಡು ಮುರಿಗೆಪ್ಪ ಚಮಚ ಹಿಡಿದಿದ್ದಾನೆ. ಪಕ್ಕದಲ್ಲಿ ಉಪ್ಪು, ಒಂದು ಹೋಳು ಉಪ್ಪಿನಕಾಯಿ.

“ಒಂದು ಗುಟುಕೂ ಇಳೀವಲ್ದವ್ವ. ಕೆಡಬಾರದಂತ ನಾನs ಕುಡದೆ. ಉಪ್ಪು ಕಡಿಮಿ ಆಗಿತ್ತು.”

“ಅಯ್ಯ ನನ್ನ ಶಿವನ! ಕುಡಿಸೂದಂದ್ರ ಪೂರಾ ಮುಳುಗಿಸಬೇಕು, ಎತ್ತಿ ಹಿಂಡಬೇಕು, ಬಿಸಲಿಗೆ ಹಾಕಬೇಕು. ತಿಳೀತಿಲ್ಲೊ?”

“ತಿಳೀತವ್ವ. ಮುಳುಗಿಸಬೇಕು, ಹಿಂಡಬೇಕು, ಬಿಸಲಿಗೆ ಹಾಕಬೇಕು.”

ಇಳಕಲ್ ಸೀರೆಯ ಮಜಾ ಏನಂದರೆ, ಅದರ ಒಡಲಿನ ಹಾಸು, ಅಂದರೆ ಉದ್ದದ ಎಳೆಗಳು, ಬೇರೆ, ಸೆರಗಿನ ಹಾಸು ಬೇರೆ. ಒಂದೊಂದು ಎಳೆಗೂ ಎದುರಿನ ಎಳೆಯನ್ನು ಕೊಂಡಿಯಂತೆ ಸಿಕ್ಕಿಸಿ ಎರಡನ್ನೂ ಕೂಡಿಸಬೇಕು. ಸಾವಿರಾರು ಎಳೆ. ಎರಡು ಜೋಡಿ ಕೈ ಬೇಕು. ಅದಕ್ಕೆ ಚೌಡವ್ವ ಹಳೆಯ ನೇಕಾರ ಅಡಿವೆಪ್ಪಜ್ಜನನ್ನು ಕಾಡಿ ಬೇಡಿ ಕರೆಸಿದಳು. ಅಜ್ಜ ಬಿಸಿಲಲ್ಲಿ ನಡೆದು ಬಂದು ಉಸ್ಸೆಂದು ಕೂತ.

“ಯಪ್ಪಾ, ಅಜ್ಜಗ ಮಜ್ಜಿಗಿ ಕುಡಿಸು,” ಎಂದು ಚೌಡವ್ವ ಮಗ್ಗದಿಂದಲೇ ಕೂಗಿದಳು.

ಇನ್ನು ಕೇಳಬೇಕೆ? ಮುರಿಗೆಪ್ಪ ಅಜ್ಜನ ಕುತ್ತಿಗೆ ಹಿಡಿದು ಮಜ್ಜಿಗೆ ಗಡಿಗೆಯೊಳಗೆ ತಲೆ ಮುಳುಗಿಸಿದ. ಎತ್ತಿ, ರುಮಾಲಿನ ಸಮೇತ ಹಿಂಡಿದ. ಹೆಗಲ ಮೇಲೆ ಹೊತ್ತು ಅಂಗಳದ ಬಿಸಿಲಲ್ಲಿ ಅಂಗಾತ ಹಾಕಿದ. ಮೀಸೆಯಿಂದ ಕೊತ್ತಂಬರಿ ತೆಗೆಯುತ್ತ ಅಜ್ಜ ಎದ್ದವನು, “ಚೌಡವ್ವಾ, ಇನ್ನು ನಿನ್ನ ಮನಿ ಕಡೆ ತಲಿ ಹಾಕಿ ಮಲಗಂಗಿಲ್ಲ” ಅಂದು ಹೊರಟೇಬಿಟ್ಟ.

ಚೌಡವ್ವ ಹಣೆ ಹಣೆ ಬಡಿದುಕೊಂಡಳು. “ದೂರದಿಂದ ಬಂದವರನ್ನ ಹಿಂಗ ಮಾಡ್ತಾರೇನೊ? ಕೂಡಸಬೇಕು. ಎಲ್ಲಿಂದ ಬಂದ್ರಿ, ಹೆಂಗ ಬಂದ್ರಿ, ಆರಾಮದೀರೇನು ಅಂತ ಕೇಳಬೇಕು. ದಣಿದಿದ್ರ ಮಲಗಸಬೇಕು.”

“ಆತವ್ವ. ಕೂಡಸಬೇಕು, ಕೇಳಬೇಕು, ಮಲಗಸಬೇಕು.”

ಮಾರನೆಯ ದಿನ ನೂಲಿಗೆ ಬಣ್ಣ ಹಾಕುವ ಇಮಾಮಸಾಬನಿಂದ ಹೇಳಿಕೆ ಬಂತು, ಸೆರಗಿನ ಕೆಂಪು ರೇಷ್ಮೆ ತಯಾರು. “ಭಾಳ ದೂರದಿಂದ ರೇಷ್ಮಿ ಬಂದದ, ಹೋಗಿ ಕರಕೊಂಡು ಬಾ,” ಅಂದಳು ಚೌಡವ್ವ, ಬಾಯಿ ತಪ್ಪಿ.

ಮುರಿಗೆಪ್ಪ ಹೋದ. ರೇಷ್ಮೆಯನ್ನು ಕಟ್ಟೆಯ ಮೇಲೆ ಕೂಡಿಸಿದ. ಎದುರಿಗೆ ಕುಕ್ಕರಗಾಲಲ್ಲಿ ಕೂತು ಕೇಳಿದ, “ಎಲ್ಲಿಂದ ಬಂದ್ರಿ? ಆರಾಮದೀರೇನು?”

ಇಮಾಮಸಾಬನಿಗೆ ಇಂಥ ಗಿರಾಕಿ ಸಿಗುವುದು ಅಪರೂಪ. ರೇಷ್ಮೆಯ ಪರವಾಗಿ ತಾನೇ ಉತ್ತರ ಕೊಟ್ಟ. “ಮೈಸೂರು ಸೀಮೆಯಿಂದ ಬಂದೇನಪ್ಪಾ. ಹುಳ ನೂತು ಗೂಡು ಕಟ್ಟಿತು. ಒಬ್ಬಾಕಿ ಕುದಿನೀರಾಗ ಕೈ ಸುಟಗೊಂಡು ಎಳಿ ಬಿಚ್ಚಿದಳು. ಇನ್ನೊಬ್ಬಾಕಿ ಹುರಿ ಹಾಕಿದಳು. ಈ ಸಾಬ ನನ್ನ ಬಣ್ಣದಾಗ ಬೇಯಿಸಿದ. ಎಷ್ಟ ಮಂದಿ ಕೈ ದಾಟಿ ಬಂದೇನಿ ಲೆಕ್ಕ ಇಲ್ಲ. ಭಾಳ ದಣಿದೇನಿ.”

ಸಂಜೆಗೆ ಮುರಿಗೆಪ್ಪ ಬರಿಗೈಲಿ ಮನೆಗೆ ಬಂದ.

“ರೇಷ್ಮಿ ಎಲ್ಲೊ?”

“ಮಲಗೈತವ್ವ, ಪಾಪ. ಸಾಬಣ್ಣನ ಮನ್ಯಾಗ ಕೌದಿ ಹೊಚ್ಚಿ ಬಂದೇನಿ. ನಾಳೆ ಎದ್ದ ಮ್ಯಾಲ ಬರ್ತದ.”

ಚೌಡವ್ವ ತಾನೇ ಕುಂಟುತ್ತ ಹೋಗಿ ರೇಷ್ಮೆ ತಂದಳು. ಬಂದವಳು ಮಗನನ್ನು ಹಾಸಿನ ಆಚೆ ಬದಿಗೆ ಕೂಡಿಸಿದಳು, ತಾನು ಈಚೆ ಬದಿಗೆ ಕೂತಳು.

“ಕೇಳು. ನಾ ಕತಿ ಹೇಳ್ತೀನಿ. ನೀ ಹೂಂ ಅನ್ನು. ಒಂದು ಹೂಂಗ ಒಂದು ಕೊಂಡಿ. ಒಂದೂ ಬಿಡಬ್ಯಾಡ. ಕತಿ ಮುಗಿಯೂತನಕ ಬಿಚ್ಚಬ್ಯಾಡ, ಏಳಬ್ಯಾಡ.”

“ಹೂಂ,” ಅಂದ ಮುರಿಗೆಪ್ಪ. ಒಂದು ಕೊಂಡಿ ಬಿತ್ತು.

ಚೌಡವ್ವ ತನ್ನ ಅತ್ತೆ ಹೇಳಿದ್ದ ಕತೆ ಹೇಳಿದಳು. ಹೂಂ. ಅತ್ತೆಯ ಅತ್ತೆ ಮಗ್ಗ ಹೊತ್ತುಕೊಂಡು ಈ ಊರಿಗೆ ಬಂದದ್ದು ಹೇಳಿದಳು. ಹೂಂ. ಲಾಳಿ ಮೊದಲ ಸಲ ಕೈಗೆ ಕೊಟ್ಟಾಗ ತಾನು ಅತ್ತದ್ದು ಹೇಳಿದಳು. ಹೂಂ, ಹೂಂ. ಮೂರನೆಯ ದಿನ ಚೌಡವ್ವನ ಬಳಿ ಕತೆಗಳು ಮುಗಿದವು, ಎಳೆಗಳು ಮುಗಿದಿರಲಿಲ್ಲ. ಆಗ ಅವಳು ಯಾರಿಗೂ ಹೇಳದ್ದು ಹೇಳಿದಳು.

“ನೀ ಹುಟ್ಟಿದಾಗ ನೀಲಿ ಆಗಿದ್ದಿ.”

“ಹೂಂ.”

“ನಾ ಮಾರಿ ಹೊಳ್ಳಿಸಿದೆ ಯಪ್ಪಾ. ನಾನೂ ಕೈ ಬಿಟ್ಟಿದ್ದೆ.”

“ಹೂಂ.”

“ಯಮನವ್ವ ಬಿಡಲಿಲ್ಲ.”

“ಹೂಂ,” ಅಂದು ಮುರಿಗೆಪ್ಪ ಕಡೆಯ ಕೊಂಡಿ ಹಾಕಿದ.

ಚೌಡವ್ವ ಬೆರಳಾಡಿಸಿ ಒಂದೊಂದೇ ಎಳೆ ನೋಡಿದಳು. ಒಂದೂ ತಪ್ಪಿರಲಿಲ್ಲ. ಬುದ್ಧಿವಂತರು ಆಕಳಿಸುವಾಗ ನಾಲ್ಕು ಎಳೆ ಬಿಡುತ್ತಾರೆ, ಇವನು ಬಿಟ್ಟಿರಲಿಲ್ಲ. ಹುಟ್ಟಿದಾಗಿನಿಂದ ಮೊದಲ ಸಲ ಅವನ ಬೆನ್ನು ತಟ್ಟಿದಳು. “ಕತಿ ಕೇಳಿದಲ್ಲೆಲ್ಲ ಹಿಂಗs ಮಾಡು, ನನ್ನ ಬಂಗಾರ.” ಬೈದು ಹೇಳಿದ್ದಕ್ಕೇ ಅಷ್ಟಾಗಿತ್ತು. ಇದನ್ನು ಹೊಗಳಿ ಹೇಳಿದಳು.

ಮದುವೆಯ ಹಿಂದಿನ ದಿನ ಸೀರೆ ಮಗ್ಗದಿಂದ ಇಳಿಯಿತು. ಕೆಂಪು ಸೆರಗು ನೋಡಿ ಯಮನವ್ವ ಸೀರೆಯನ್ನು ಕೂಸಿನ ಹಾಗೆ ಎದೆಗೆ ಹಿಡಿದುಕೊಂಡಳು.

ಮದುವೆಯಾಯಿತು, ಊಟವಾಯಿತು. ಹಂದರದಲ್ಲಿ ಗಂಡಿನ ಅಜ್ಜಿ ತಮ್ಮ ಮನೆತನದ ಕತೆ ತೆಗೆದಳು. ಓಣಿಯ ನಲವತ್ತು ಹೆಂಗಸರು ಸಾಲಾಗಿ ಕೂತು ಮೈಮರೆತು ಕೇಳಿದರು. ಹಿಂದೆ ಕೂತಿದ್ದ ಮುರಿಗೆಪ್ಪ, “ಹೂಂ” ಅಂದ. ಈಕೆಯ ಸೆರಗು ಆಕೆಯ ಸೆರಗಿಗೆ ಸಿಕ್ಕಿಸಿದ. “ಹೂಂ.” ಆಕೆಯದು ಮತ್ತೊಬ್ಬಾಕೆಗೆ. ಆ ತುದಿಯಲ್ಲಿ ಮದುಮಗಳು ಕಸ್ತೂರಿ, ಈ ತುದಿಯಲ್ಲಿ ಅವನ ಅವ್ವ ಚೌಡವ್ವ. ಅಲ್ಲಿಗೆ ಸೆರಗು ಮುಗಿದವು, ಅಜ್ಜಿಯ ಕತೆ ಮುಗಿಯಲಿಲ್ಲ. ಪಕ್ಕದಲ್ಲಿ ಅಡಿವೆಪ್ಪಜ್ಜನ ಧೋತರದ ಚುಂಗು ಕಂಡಿತು. “ಹೂಂ.”

ಮದುಮಗಳನ್ನು ಕಳಿಸುವ ಹೊತ್ತಾಯಿತು. ಕಸ್ತೂರಿ ಎದ್ದು ನಾಲ್ಕು ಹೆಜ್ಜೆ ಇಟ್ಟಳು. ಇಡೀ ಸಾಲು ತಡಬಡಿಸಿ ಎದ್ದು ಅವಳ ಹಿಂದೆ ಹೊರಟಿತು. ಕೊನೆಯಲ್ಲಿ ಅಡಿವೆಪ್ಪಜ್ಜ ಎರಡೂ ಕೈಯಲ್ಲಿ ಧೋತರ ಹಿಡಿದುಕೊಂಡು ಓಡುತ್ತಿದ್ದ.

“ಚೌಡವ್ವಾ, ಈ ಸಲ ಇವಗ ಏನು ಹೇಳಿಕೊಟ್ಟಿದ್ದಿ ತಾಯಿ?”

“ಬಿಚ್ಚೊ ಮುರಿಗ್ಯಾ!”

“ಅಜ್ಜಿ ಕತಿ ಇನ್ನೂ ಮುಗದಿಲ್ಲವ್ವ.”

ಮುಗಿದಿರಲಿಲ್ಲ. ಬಂಡಿ ಹತ್ತುತ್ತಲೂ ಅಜ್ಜಿ ಹೇಳುತ್ತಲೇ ಇದ್ದಳು. ಬಡ ಸೂಲಗಿತ್ತಿಯ ಮಗಳ ಹಿಂದೆ ನಾಲ್ಕು ಮಂದಿಯೂ ಬರಲಿಕ್ಕಿಲ್ಲ ಎಂದುಕೊಂಡಿದ್ದ ಯಮನವ್ವ ತಿರುಗಿ ನೋಡಿದಳು. ನಲವತ್ತು ಹೆಂಗಸರು. ಅಷ್ಟೂ ಮನೆಗಳ ಕೂಸುಗಳು ಅವಳ ಕೈಯಲ್ಲೇ ಭೂಮಿಗೆ ಬಂದಿದ್ದವು. ಹೆಂಗಸರೂ ಅವಳ ಮುಖ ನೋಡಿದರು. ಆಮೇಲೆ ಯಾರೂ ಗಂಟಿಗೆ ಕೈ ಹಾಕಲಿಲ್ಲ, ನಗುತ್ತ ಅಳುತ್ತ ಬಂಡಿಯ ಹಿಂದೆ ಊರ ಗಡಿಯವರೆಗೂ ನಡೆದರು. ಅಜ್ಜನ ಧೋತರ ಮಾತ್ರ ಅಷ್ಟು ದೂರ ಬರಲಿಲ್ಲ ಎಂದು ಕೆಲವರು ಹೇಳುತ್ತಾರೆ. ನಾನು ಹೇಳುವುದಿಲ್ಲ, ಹಿರಿಯರ ಮರ್ಯಾದೆ.

ಇಷ್ಟು ಹೊತ್ತು ಕೂತು ಹೂಂಗುಟ್ಟಿದಿರಿ, ನಿಮ್ಮ ಹೊಟ್ಟೆ ತಣ್ಣಗಿರಲಿ. ಹೋಟೆಲಿನವನು ನನ್ನ ಚಹಾದ ದುಡ್ಡು ಯಾರು ಕೊಡುತ್ತಾರೆ ಎಂದು ನಿಮ್ಮನ್ನೇ ನೋಡುತ್ತಿದ್ದಾನೆ. ಅದಕ್ಕೂ ಒಂದು ಹೂಂ ಅಂದುಬಿಡಿ.