ಗುಡಾರದಂಥ ಅಲೆ

ಕೃಷ್ಣೆಯ ದಡದಲ್ಲೊಂದು ಆಶ್ರಮ. ಅಲ್ಲಿನ ಚಿಕ್ಕ ಆಸ್ಪತ್ರೆಯಲ್ಲಿ ಚನ್ನವೀರಯ್ಯನವರು ನಲವತ್ತು ವರ್ಷದಿಂದ ರೋಗಿಗಳನ್ನು ನೋಡುತ್ತಿದ್ದರು. ಡಾಕ್ಟರಾದರೂ ಎಲ್ಲರಿಗೂ ಅವರು ಗುರುಗಳು.

ಅವರಲ್ಲಿ ಕಲಿಯಲು ಬಂದವಳು ಕಿರಿಯ ಡಾಕ್ಟರ್ ಮಂದಾಕಿನಿ. ಇಸಿಜಿ ಹಾಳೆ ಕೈಗೆ ಕೊಟ್ಟರೆ ಅರೆ ನಿಮಿಷದಲ್ಲಿ ಓದಿಬಿಡುತ್ತಿದ್ದಳು.

ಒಂದು ದಿನ ಗುರುಗಳು ಎರಡು ಹಾಳೆ ಕೊಟ್ಟರು.

"ಎರಡರಲ್ಲೂ ಬಡಿತ ನಿಧಾನ," ಎಂದಳು.

"ಔಷಧಿ ಯಾರಿಗೆ ಬೇಕು?"

"ಇಬ್ಬರಿಗೂ."

"ಮೊದಲನೆಯವನು ದಿನಾ ಹತ್ತು ಮೈಲಿ ಓಡುವ ಓಟಗಾರ. ಅವನಿಗೆ ಏನೂ ಆಗಿಲ್ಲ. ಎರಡನೆಯಾಕೆಗೆ ಥೈರಾಯ್ಡ್ ಸೊರಗಿದೆ."

"ಹಾಳೆಯಲ್ಲಿ ಅದು ಬರೆದಿಲ್ಲವಲ್ಲ, ಗುರುಗಳೇ."

"ಬರೆದಿರುವುದಿಲ್ಲ," ಎಂದು ಅವರು ಎದ್ದು ಹೋದರು.

ಮಂದಾಕಿನಿಗೆ ನಾಚಿಕೆಯಾಯಿತು. ಅಂದಿನಿಂದ ಅವಳು ಹಾಳೆ ನೋಡುವ ಮೊದಲು ರೋಗಿಯ ಪಕ್ಕದಲ್ಲಿ ಕೂರತೊಡಗಿದಳು.

ಮಳೆಗಾಲದ ಒಂದು ಬೆಳಿಗ್ಗೆ ಅಂಬಿಗ ಲಾಲಸಾಬನನ್ನು ಹೊತ್ತು ತಂದರು. ಮೈ ತಣ್ಣಗಾಗಿತ್ತು, ಮಾತು ತೊದಲುತ್ತಿತ್ತು. ನರ್ಸ್ ಇಸಿಜಿ ತೆಗೆದು ಗುರುಗಳಿಗೆ ತೋರಿಸಿದಳು.

"ಹೃದಯಾಘಾತ," ಎಂದರು ಗುರುಗಳು. "ಹೆಪ್ಪು ಕರಗಿಸುವ ಇಂಜೆಕ್ಷನ್ ತಯಾರಿಸು."

ಮಂದಾಕಿನಿ ಆಗಲೇ ಲಾಲಸಾಬನ ಎಡಗೈ ಹಿಡಿದಿದ್ದಳು. ಮುಂಗೈಯಲ್ಲಿ ಒಂದು ನರ ದಪ್ಪಗೆ ಉಬ್ಬಿತ್ತು. ಬೆರಳಿಟ್ಟರೆ ಒಳಗೆ ಗುರುಗುರು ಎನ್ನುತ್ತಿತ್ತು, ಡಯಾಲಿಸಿಸ್‌ಗೆಂದು ಆಪರೇಷನ್ ಮಾಡಿ ಜೋಡಿಸಿದ ನರದ ಹಾಗೆ.

"ಇವರಿಗೆ ಡಯಾಲಿಸಿಸ್ ಮಾಡಿಸ್ತೀರಾ?" ಎಂದು ಅವನ ಹೆಂಡತಿ ಖಾಸಿಂಬಿಯನ್ನು ಕೇಳಿದಳು.

"ವಾರಕ್ಕ ಎರಡು ಸಲ ರೀ. ಹೊಳಿ ಬಂದು ದಾರಿ ಬಂದಾಗಿತ್ತು, ನಿನ್ನೆ ನೀರು ಇಳೀತು. ಎರಡು ಸಲ ತಪ್ಪೇತಿ. ಸುಸ್ತು ಅಂದ್ರು, ಎಳನೀರು ಕುಡಿಸೀನಿ."

ಮಂದಾಕಿನಿ ಹಾಳೆ ಎಳೆದುಕೊಂಡಳು. ಅಲೆಗಳು ಗುಡಾರ ಹೊಡೆದ ಹಾಗೆ ಚೂಪಾಗಿ ನಿಂತಿದ್ದವು. ಬಡಿತದ ಗೆರೆಗಳು ಅಗಲವಾಗಿದ್ದವು.

"ಗುರುಗಳೇ, ಇದು ಹೃದಯಾಘಾತ ಅಲ್ಲ. ಕಿಡ್ನಿ ಕೈಕೊಟ್ಟು ರಕ್ತದಲ್ಲಿ ಪೊಟ್ಯಾಸಿಯಂ ಏರಿದೆ. ಎಳನೀರು ಅದನ್ನು ಇನ್ನೂ ಏರಿಸಿದೆ."

"ಇಂಥ ಹಾಳೆಗಳನ್ನು ನಾನು ನಲವತ್ತು ವರ್ಷ ನೋಡಿದ್ದೇನೆ."

"ಹೌದು. ಆದರೆ ಇವರ ಕೈ ನೀವಿನ್ನೂ ಮುಟ್ಟಿಲ್ಲ."

ನರ್ಸ್ ತಯಾರಿಸುತ್ತಿದ್ದ ಇಂಜೆಕ್ಷನ್ ಕೆಳಗಿಟ್ಟಳು.

ಗುರುಗಳು ಬಂದು ಆ ನರದ ಮೇಲೆ ಬೆರಳಿಟ್ಟರು. ಮತ್ತೊಮ್ಮೆ ಹಾಳೆ ನೋಡಿದರು.

"ಏನು ಕೊಡಬೇಕು?"

"ಹೃದಯ ಕಾಯಲು ಕ್ಯಾಲ್ಸಿಯಂ. ಈಗಲೇ."

"ಕೊಡು, ತಾಯಿ."

ಅವಳು ಗಡಿಯಾರ ನೋಡುತ್ತಾ ಔಷಧಿಯನ್ನು ನಿಧಾನವಾಗಿ ಬಲಗೈಯ ನರಕ್ಕೆ ಇಳಿಸಿದಳು. ಒಂದು ನಿಮಿಷ. ಮೂರು. ಐದು.

ಇಸಿಜಿ ಯಂತ್ರದ ಪರದೆಯ ಮೇಲೆ ಅಗಲ ಗೆರೆಗಳು ಕಿರಿದಾದವು. ಗುಡಾರಗಳು ಒಂದೊಂದಾಗಿ ತಗ್ಗಿದವು.

ಲಾಲಸಾಬ್ ಕಣ್ಣು ಬಿಟ್ಟು, "ನೀರು," ಎಂದ.

"ಗುರುಗಳೇ!" ಎಂದು ಕೂಗಿದಳು ಮಂದಾಕಿನಿ. ನರ್ಸ್ ಚಪ್ಪಾಳೆ ತಟ್ಟಿಯೇಬಿಟ್ಟಳು. ಖಾಸಿಂಬಿ ಇಬ್ಬರನ್ನೂ ಒಟ್ಟಿಗೆ ತಬ್ಬಿಕೊಂಡು ಅತ್ತಳು.

ಆಂಬುಲೆನ್ಸ್ ಅವನನ್ನು ಡಯಾಲಿಸಿಸ್‌ಗೆ ಕರೆದೊಯ್ದಿತು. ಸಂಜೆ ಫೋನ್ ಬಂತು: ಎದ್ದು ಕೂತಿದ್ದಾನೆ, ಗಂಜಿ ಕುಡಿದಿದ್ದಾನೆ.

"ಗುರುಗಳೇ, ನನ್ನನ್ನು ಪರೀಕ್ಷೆ ಮಾಡಲು ಹೃದಯಾಘಾತ ಎಂದಿರಾ?" ಎಂದು ಕೇಳಿದಳು ಮಂದಾಕಿನಿ.

"ಇಲ್ಲ. ನಾನೇ ತಪ್ಪಿದೆ."

ಗುರುಗಳು ತಮ್ಮ ಕುರ್ಚಿಯಿಂದ ಎದ್ದರು. ಅಂಗಿಯ ಗುಂಡಿ ಬಿಚ್ಚಿ, ರೋಗಿಗಳ ಮಂಚದ ಮೇಲೆ ತಾವೇ ಮಲಗಿದರು.

"ನನ್ನದೂ ಒಂದು ಇಸಿಜಿ ತೆಗೆ," ಎಂದರು. "ಈ ಎದೆಯನ್ನು ಯಾರ ಕೈಗೆ ಕೊಡಲಿ ಅಂತ ಇಷ್ಟು ದಿನ ಕಾಯುತ್ತಿದ್ದೆ."